ಯಾವ ಗಿಟಾರ್ ಎಂಬ ಪ್ರಶ್ನೆಗೆ ಪಂಕ್ ವಾದಕರ ಉತ್ತರಗಳು

ಪಂಕ್ (ಸರಳ, ವೇಗದ, ಬಿರುಸಾದ ರಾಕ್) ಮತ್ತು ಇಂಡೀ (ದೊಡ್ಡ ಕಂಪನಿಗಳ ಹೊರಗಿನ) ಬ್ಯಾಂಡುಗಳ ಸಂದರ್ಶನಗಳನ್ನು ಓದುವ ಅಭ್ಯಾಸ ನನಗೆ ಗಿಟಾರ್ ಹಿಡಿದ ದಿನಗಳಿಂದಲೂ ಇದೆ. ಅವುಗಳಲ್ಲಿ ಮೂರು ಪ್ರಶ್ನೆಗಳು ಹೆಚ್ಚುಕಡಿಮೆ ತಪ್ಪದೆ ಬರುತ್ತವೆ. ಯಾವ ಗಿಟಾರ್, ಯಾವ ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ), ಯಾವ ಪೆಡಲ್ (ಕಾಲಿನಿಂದ ಒತ್ತಿ ಸ್ವರ ಬದಲಿಸುವ ಡಬ್ಬಿ) ಬಳಸುತ್ತೀರಿ ಎಂಬುದು ಮೊದಲನೆಯದು. ಯಾರನ್ನು ಕೇಳಿ ಬೆಳೆದಿರಿ ಎಂಬುದು ಎರಡನೆಯದು. ವೇದಿಕೆಯ ಮೇಲೆ ನುಡಿಸುವಾಗಿನ ಅನುಭವ ಹೇಗಿರುತ್ತದೆ ಎಂಬುದು ಮೂರನೆಯದು. ಕೇಳುವವರು ಇವು ಬೇರೆ ಬೇರೆ ವಿಷಯಗಳೆಂದು ಎಣಿಸಿಯೇ ಕೇಳುತ್ತಾರೆ. ಆದರೆ ಮನಸ್ಸಿಟ್ಟು ಉತ್ತರಿಸುವ ವಾದಕರ ಮಾತಿನಲ್ಲಿ ಮೂರೂ ಬೇಗನೆ ಒಂದಾಗಿಬಿಡುತ್ತವೆ. ಆಂಪಿನ ಆ ಗುಂಡಿಯನ್ನು ಅಷ್ಟು ಏಕೆ ತಿರುಗಿಸಿದಿರಿ ಎಂದು ಕೇಳಿದರೆ ಅವರು ಟಿಕೆಟ್ಟಿನ ದರದ ಬಗ್ಗೆ, ಸಾಮಾನು ಹೊರುವವರು ಯಾರು ಎಂಬುದರ ಬಗ್ಗೆ, ಬ್ಯಾಂಡಿನೊಳಗೆ ಯಾರ ಸ್ವರಕ್ಕೆ ಎಷ್ಟು ಜಾಗ ಸಿಗಬೇಕು ಎಂಬುದರ ಬಗ್ಗೆ ಮಾತು ತೆಗೆಯುತ್ತಾರೆ. ನನಗೆ ಪ್ರಿಯವಾದ ಅಂಥ ಕೆಲವು ಉತ್ತರಗಳನ್ನು ಇಲ್ಲಿ ಬಿಡಿಸಿ ನೋಡಬೇಕೆಂದಿದ್ದೇನೆ.

ರಮೋನ್ಸ್ ಬ್ಯಾಂಡಿನ ಜಾನಿ ರಮೋನ್ 1974ರಲ್ಲಿ ನ್ಯೂಯಾರ್ಕಿನ ಮ್ಯಾನೀಸ್ ಅಂಗಡಿಯಲ್ಲಿ ಸುಮಾರು 50 ಡಾಲರ್ ಕೊಟ್ಟು ಮೋಸ್‌ರೈಟ್ ಕಂಪನಿಯ ಗಿಟಾರೊಂದನ್ನು ಕೊಂಡರು. ಆ ಹೊತ್ತಿಗೆ ಅವರ ಕೈಗೆಟಕುವ ಬೆಲೆಯ ಗಿಟಾರ್ ಅದಾಗಿತ್ತು. ಹಗುರವಾದ ಮೈ, ಸಪೂರವಾದ ನೆಕ್ ಇದ್ದ ಆ ವಾದ್ಯವನ್ನು ಮಾರ್ಷಲ್ ಆಂಪುಗಳಿಗೆ ಜೋಡಿಸಿ, ಹಾಡಿನ ಮೊದಲಿನಿಂದ ಕೊನೆಯವರೆಗೂ ಕೆಳಮುಖದ ಹೊಡೆತಗಳಲ್ಲೇ ನುಡಿಸುವುದು ಅವರ ಪದ್ಧತಿ. 1976ರಲ್ಲಿ ಬಂದ ಅವರ ಮೊದಲ ಆಲ್ಬಂಗೆ ತಗುಲಿದ ವೆಚ್ಚ ಸುಮಾರು 6,400 ಡಾಲರ್. ಅರ್ಧ ಗಂಟೆಯೂ ಮುಟ್ಟದ ಅವಧಿಯಲ್ಲಿ 14 ಹಾಡುಗಳು. ಆ ಧ್ವನಿಮುದ್ರಣದಲ್ಲಿ ಗಿಟಾರನ್ನು ಒಂದು ಬದಿಗೂ ಮಂದ್ರ ಸ್ವರದ ಬೇಸ್ ಗಿಟಾರನ್ನು ಇನ್ನೊಂದು ಬದಿಗೂ ಇಟ್ಟಿದ್ದಾರೆ. ಹೆಡ್‌ಫೋನಿನ ಒಂದು ಕಡೆಯನ್ನು ಮುಚ್ಚಿಕೊಂಡರೆ ಜಾನಿಯವರ ಬಲಗೈ ಮಾಡುತ್ತಿರುವುದು ಏನೆಂದು ಯಾವ ಮರೆಯೂ ಇಲ್ಲದೆ ಕೇಳಿಸುತ್ತದೆ. ಗಿಟಾರ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಆ ಹೊಡೆತದ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಾಮಾನ್ಯವಾಗಿ ವೇಗದ ಲಯಕ್ಕೆ ಕೈಯನ್ನು ಕೆಳಕ್ಕೂ ಮೇಲಕ್ಕೂ ಆಡಿಸುತ್ತೇವೆ. ಕೆಳಗೆ ಹೋಗುವಾಗ ಪ್ಲೆಕ್ಟ್ರಮ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ದಪ್ಪ ತಂತಿಯನ್ನು ಮೊದಲು ಮುಟ್ಟುತ್ತದೆ, ಮೇಲೆ ಬರುವಾಗ ತೆಳು ತಂತಿಯನ್ನು. ಹೀಗಾಗಿ ಒಂದು ಹೊಡೆತಕ್ಕೆ ಭಾರ, ಮುಂದಿನದಕ್ಕೆ ಹಗುರ ಎಂಬ ಏರಿಳಿತ ತಾನಾಗಿ ಬರುತ್ತದೆ. ಕೆಳಮುಖವಾಗಿ ಮಾತ್ರ ನುಡಿಸಿದಾಗ ಆ ಏರಿಳಿತವೇ ಇಲ್ಲ. ಪ್ರತಿ ಹೊಡೆತವೂ ಒಂದೇ ತೂಕದ್ದು, ಪ್ರತಿ ಹೊಡೆತವೂ ಮಂದ್ರದಿಂದಲೇ ಶುರು. ಆದರೆ ಅದಕ್ಕೆ ತೆರಬೇಕಾದ ಬೆಲೆಯಿದೆ: ಕೈ ಅರ್ಧದಷ್ಟು ಸಮಯದಲ್ಲಿ ಮೇಲೆ ಹಿಂದಿರುಗಬೇಕು. ಆ ವೇಗದಲ್ಲಿ ನುಡಿಸಲು ಹೊರಟರೆ ಮೊಣಕೈಯ ಕೆಳಗೆ ಮುಂದೋಳಿನ ಹೊರಭಾಗ ಒಂದೆರಡು ಹಾಡುಗಳಲ್ಲೇ ಬಿಗಿದುಕೊಳ್ಳುತ್ತದೆ, ಪ್ಲೆಕ್ಟ್ರಮ್ ಬೆರಳುಗಳ ನಡುವೆ ತಿರುಗಲಾರಂಭಿಸುತ್ತದೆ. ಭುಜವನ್ನು ಸಡಿಲ ಬಿಟ್ಟು, ಗಿಟಾರನ್ನು ಕೆಳಗೆ ಇಳಿಬಿಟ್ಟು, ಮಣಿಕಟ್ಟಿನಿಂದ ಮಾತ್ರ ನುಡಿಸುವುದನ್ನು ರೂಢಿಸಿಕೊಂಡವರಿಗಷ್ಟೇ ಅದು ಸಾಧ್ಯ. ಲೆಡ್ ಜೆಪ್ಪೆಲಿನ್ ಬ್ಯಾಂಡಿನ ಜಿಮ್ಮಿ ಪೇಜ್ ಒಂದು ಹಾಡಿನಲ್ಲಿ ಬಳಸಿದ ವೇಗದ ಕೆಳಹೊಡೆತವೇ ತಮಗೆ ಮಾದರಿಯಾಯಿತು ಎಂಬುದನ್ನು ಜಾನಿ ಒಪ್ಪಿಕೊಂಡಿದ್ದರು. ಪಂಕ್ ಎಂದರೆ ಜೆಪ್ಪೆಲಿನ್ ಮಾದರಿಯ ಅದ್ದೂರಿ ರಾಕ್ ಸಂಗೀತದ ವಿರುದ್ಧ ಎದ್ದ ಬಂಡಾಯ ಎಂದು ಪುಸ್ತಕಗಳಲ್ಲಿ ಓದುತ್ತೇವೆ. ಕೈಯ ಚರಿತ್ರೆ ಬೇರೆಯದೇ ಹೇಳುತ್ತದೆ. 1996ರಲ್ಲಿ ನಿಲ್ಲಿಸುವ ಹೊತ್ತಿಗೆ ರಮೋನ್ಸ್ ಬ್ಯಾಂಡ್ 2,263 ಕಾರ್ಯಕ್ರಮಗಳನ್ನು ಕೊಟ್ಟಿತ್ತು. ಅಷ್ಟೂ ವೇದಿಕೆಗಳ ಮೇಲೆ ಆ ಕೈ ಹಾಗೆಯೇ ಓಡಿತ್ತು ಎಂಬುದನ್ನು ನೆನೆದರೆ ನನಗೆ ಈಗಲೂ ಗೌರವ ಉಕ್ಕುತ್ತದೆ.

ಸಲಕರಣೆಯ ಪ್ರಶ್ನೆಗೆ ನಾನು ಓದಿದ ಅತ್ಯುತ್ತಮ ಉತ್ತರ ಮಾತ್ರ ಕ್ಯಾಲಿಫೋರ್ನಿಯದ ಬಂದರು ಪ್ರದೇಶವಾದ ಸ್ಯಾನ್ ಪೆಡ್ರೊದ ಮಿನಿಟ್‌ಮೆನ್ ಬ್ಯಾಂಡಿನದು. ಡಿ. ಬೂನ್ ಗಿಟಾರ್, ಮೈಕ್ ವ್ಯಾಟ್ ಬೇಸ್, ಜಾರ್ಜ್ ಹರ್ಲಿ ಡ್ರಮ್ಸ್. ಬೂನ್ ತಮ್ಮ ಗಿಟಾರಿನ ಸ್ವರದಲ್ಲಿ ಮಂದ್ರವನ್ನು ಪೂರ್ತಿ ಕಳೆದು, ತಾರ ಭಾಗವಾದ ಟ್ರೆಬಲ್ ಒಂದನ್ನೇ ಚೂಪಾಗಿ ಉಳಿಸಿಕೊಂಡು ನುಡಿಸುತ್ತಿದ್ದರು. ಅದು ರುಚಿಯ ಪ್ರಶ್ನೆಯಾಗಿರಲಿಲ್ಲ, ರಾಜಕೀಯದ ಪ್ರಶ್ನೆಯಾಗಿತ್ತು ಎಂದು ವ್ಯಾಟ್ ಹಲವು ಸಲ ವಿವರಿಸಿದ್ದಾರೆ. ರಾಕ್ ಸಂಗೀತದಲ್ಲಿ ಗಿಟಾರ್ ವಾದಕನೇ ಯಜಮಾನ, ಬೇಸ್ ಮತ್ತು ಡ್ರಮ್ಸ್ ಅವನ ಪಕ್ಕವಾದ್ಯ. ಈ ಮೇಲು-ಕೀಳು ತಮ್ಮ ಬ್ಯಾಂಡಿನಲ್ಲಿ ಇರಕೂಡದೆಂದು ನಿರ್ಧರಿಸಿದ ಬೂನ್ ತಮ್ಮ ವಾದ್ಯದ ಮಂದ್ರ ಕಂಪನಾಂಕಗಳನ್ನೇ ಕಳೆದುಕೊಂಡು ಉಳಿದಿಬ್ಬರಿಗೆ ಜಾಗ ಬಿಟ್ಟರು. ಗಿಟಾರಿನ ಮಂದ್ರವೂ ಬೇಸಿನ ಮೇಲ್ಭಾಗವೂ ಒಂದೇ ಕಡೆ ಬಂದು ಸೇರಿದಾಗ ಎರಡೂ ಮಸುಕಾಗುತ್ತವೆ ಎಂಬುದು ಯಾವ ಸೌಂಡ್ ಎಂಜಿನಿಯರ್ ಆದರೂ ಹೇಳುವ ಮಾತು. ಆದರೆ ಅದನ್ನು ಮಿಕ್ಸಿಂಗ್ ಮೇಜಿನ ಮೇಲೆ ಬೇರೊಬ್ಬರು ಸರಿಪಡಿಸಲಿ ಎಂದು ಬಿಡದೆ, ವಾದಕ ತಾನೇ ಮುಂದಾಗಿ ತನ್ನ ಆಂಪಿನ ಮುಂದೆ ನಿಂತು ಮಾಡಿಕೊಂಡದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಆ ಬ್ಯಾಂಡಿನ ರೆಕಾರ್ಡುಗಳಲ್ಲಿ ಬೇಸ್ ಹಾಡಿನ ಮಧುರ ಭಾಗವನ್ನು ಎತ್ತಿಕೊಂಡು ನಡೆಯುತ್ತದೆ, ಡ್ರಮ್ಸ್ ಪ್ರಶ್ನೋತ್ತರ ನಡೆಸುತ್ತದೆ, ಗಿಟಾರ್ ಕೊರೆದಂತೆ ಮಧ್ಯೆ ಮಧ್ಯೆ ಬಂದುಹೋಗುತ್ತದೆ. ಮೂವರನ್ನೂ ಒಂದೇ ಸಮನೆ ಕೇಳಬಹುದು.

ಇದೇ ಬ್ಯಾಂಡಿನವರು ತಮ್ಮ ಇಡೀ ನಡವಳಿಕೆಗೆ "ಎಕಾನೊ" ಎಂಬ ಹೆಸರಿಟ್ಟುಕೊಂಡಿದ್ದರು, ಅಂದರೆ ಮಿತವ್ಯಯ. ಸ್ಟುಡಿಯೊ ಅಗ್ಗವಾಗಿರುವ ಹೊತ್ತಿನಲ್ಲಿ ಧ್ವನಿಮುದ್ರಣ, ಸ್ವಂತ ವ್ಯಾನಿನಲ್ಲಿ ಪ್ರಯಾಣ, ಆಂಪುಗಳನ್ನು ಹತ್ತಿಸಿ ಇಳಿಸುವುದೂ ತಾವೇ. ಲೋಕದಲ್ಲಿರುವುದೆಲ್ಲ ಎರಡೇ ಬಗೆ, ಕಾರ್ಯಕ್ರಮ ಮತ್ತು ಕರಪತ್ರ, ಎಂಬುದು ವ್ಯಾಟ್ ಅವರ ಪ್ರಸಿದ್ಧ ವಿಂಗಡಣೆ. ರೆಕಾರ್ಡ್, ಸಂದರ್ಶನ, ಫೋಟೊ ಎಲ್ಲವೂ ಜನರನ್ನು ಕಾರ್ಯಕ್ರಮಕ್ಕೆ ಕರೆತರುವ ಕರಪತ್ರಗಳೇ. ಪ್ರಭಾವದ ವಿಷಯಕ್ಕೆ ಬಂದರೆ, ಬಾಲ್ಯದಲ್ಲಿ ಬೂನ್, ವ್ಯಾಟ್ ಇಬ್ಬರೂ ಹಚ್ಚಿಕೊಂಡಿದ್ದದ್ದು ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಎಂಬ ರಾಕ್ ಬ್ಯಾಂಡನ್ನು. ಮುಂದೆ ಇಂಗ್ಲೆಂಡಿನ ವೈರ್ ಬ್ಯಾಂಡಿನಿಂದ ಕಲಿತದ್ದು ಹಾಡನ್ನು ಹೇಳಬೇಕಾದಷ್ಟು ಹೇಳಿ ನಿಲ್ಲಿಸಬಹುದೆಂಬ ಧೈರ್ಯ. ವೈರ್ ಅವರ 1977ರ ಮೊದಲ ಆಲ್ಬಂನಲ್ಲಿ 21 ಹಾಡುಗಳಿವೆ. ಮಿನಿಟ್‌ಮೆನ್ 1984ರಲ್ಲಿ ತಂದ ಜೋಡಿ ಎಲ್‌ಪಿಯಲ್ಲಿ ನಲವತ್ತಕ್ಕೂ ಹೆಚ್ಚು. ಚಿಕ್ಕಂದಿನಲ್ಲಿ ಬೇಸ್ ಎಂದರೆ ನಾಲ್ಕೇ ತಂತಿಯ ಗಿಟಾರ್ ಎಂದು ತಿಳಿದು, ಅದರ ತಂತಿಗಳು ಬೇರೆಯೇ ದಪ್ಪದವು ಎಂಬುದು ಗೊತ್ತಿಲ್ಲದೆ ನುಡಿಸುತ್ತಿದ್ದೆನೆಂದು ವ್ಯಾಟ್ ನೆನಪಿಸಿಕೊಂಡಿದ್ದಾರೆ. ಮುಂದೆ ಅವರ ಬೇಸ್ ವಾದನ ಗಿಟಾರಿನಂತೆ ಓಡಾಡುವುದಕ್ಕೆ ಅಲ್ಲಿಯೇ ಬೇರಿದೆ ಎಂದು ನನ್ನ ಅನಿಸಿಕೆ. 1985ರ ಡಿಸೆಂಬರಿನಲ್ಲಿ ವ್ಯಾನ್ ಅಪಘಾತದಲ್ಲಿ ಬೂನ್ ತೀರಿಕೊಂಡರು. ಅವರಿಗೆ ಆಗ 27 ವರ್ಷ.

ಜಾಗ ಬಿಡುವ ಇದೇ ಕೆಲಸವನ್ನು ಇಂಗ್ಲೆಂಡಿನ ಲೀಡ್ಸ್ ಊರಿನ ಗ್ಯಾಂಗ್ ಆಫ್ ಫೋರ್ ಬ್ಯಾಂಡ್ ಇನ್ನೊಂದು ರೀತಿಯಲ್ಲಿ ಮಾಡಿತು. ಅದರ ಗಿಟಾರ್ ವಾದಕ ಆಂಡಿ ಗಿಲ್ ಅವರಿಗೆ ವಾಲ್ವ್ (ಗಾಜಿನ ಕೊಳವೆಯ) ಆಂಪುಗಳ ಬೆಚ್ಚನೆಯ ಸ್ವರ ಹಿಡಿಸುತ್ತಿರಲಿಲ್ಲ. ಬೇಕೆಂದೇ ಟ್ರಾನ್ಸಿಸ್ಟರ್ ಆಂಪುಗಳನ್ನು ಹುಡುಕಿ ಇಟ್ಟುಕೊಂಡಿದ್ದರು. ವಾಲ್ವ್ ಆಂಪು ಜೋರಾದಂತೆ ಸ್ವರದ ಅಂಚನ್ನು ದುಂಡಗೆ ಮಾಡುತ್ತದೆ, ಟ್ರಾನ್ಸಿಸ್ಟರ್ ಆಂಪು ಆ ದಯೆ ತೋರುವುದಿಲ್ಲ. ಡಾ. ಫೀಲ್‌ಗುಡ್ ಬ್ಯಾಂಡಿನ ವಿಲ್ಕೊ ಜಾನ್ಸನ್ ಅವರ ಕತ್ತರಿಸಿದಂಥ ಗಿಟಾರ್ ವಾದನ ಗಿಲ್ ಅವರ ಮುಖ್ಯ ಪ್ರೇರಣೆ. ಅದರ ಜೊತೆಗೆ ಫಂಕ್ ಲಯ. ಸೋಲೊ (ಒಂಟಿ ವಾದನ) ಬರಬೇಕಾದ ಕಡೆ ಅವರು ಮೌನವನ್ನಿಟ್ಟದ್ದೂ ಉಂಟು. ಆ ಮೌನ ಕತ್ತರಿಸಿದಂತೆ ಕೇಳಬೇಕಾದರೆ ತಂತಿಯನ್ನು ಅದುಮಿದೊಡನೆ ಸದ್ದಡಗುವ ಆಂಪೇ ಬೇಕು.

ಜಾಜ್‌ಮಾಸ್ಟರ್ ಗಿಟಾರಿನ ಕಥೆಯನ್ನು ಇಂಡೀ ವಾದಕರು ಹೇಳಿಕೊಂಡಷ್ಟು ಬೇರೆ ಯಾರೂ ಹೇಳಿರಲಾರರು. ಹೆಸರೇ ಸೂಚಿಸುವಂತೆ ಫೆಂಡರ್ ಕಂಪನಿ 1958ರಲ್ಲಿ ಅದನ್ನು ತಂದದ್ದು ಜಾಜ್ ವಾದಕರನ್ನು ಮನಸ್ಸಿನಲ್ಲಿಟ್ಟುಕೊಂಡು. ಅವರು ಅದನ್ನು ಅಷ್ಟಾಗಿ ಒಪ್ಪಲಿಲ್ಲ. 1980ರಲ್ಲಿ ಕಂಪನಿ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಎಲ್ಲರೂ ಸ್ಟ್ರಾಟೊಕಾಸ್ಟರ್ ಮತ್ತು ಲೆಸ್ ಪಾಲ್ ಗಿಟಾರುಗಳ ಬೆನ್ನು ಹತ್ತಿದ್ದ ಕಾಲದಲ್ಲಿ ಇದು ಗಿರವಿ ಅಂಗಡಿಗಳಲ್ಲಿ ಅಗ್ಗಕ್ಕೆ ಬಿದ್ದಿರುತ್ತಿತ್ತು. ಟೆಲಿವಿಷನ್ ಬ್ಯಾಂಡಿನ ಟಾಮ್ ವರ್ಲೇನ್, ಆಮೇಲೆ ಸಾನಿಕ್ ಯೂತ್, ಡೈನೋಸಾರ್ ಜೂನಿಯರ್, ಮೈ ಬ್ಲಡಿ ವ್ಯಾಲೆಂಟೈನ್ ಬ್ಯಾಂಡುಗಳವರ ಕೈಗೆ ಅದು ಬಂದದ್ದು ಹೀಗೆ. ಅದರ ಸೇತುವೆಗೂ (ತಂತಿಗಳು ಒರಗುವ ಪಟ್ಟಿ) ಬಾಲಕ್ಕೂ (ತಂತಿಗಳ ತುದಿ ಸಿಕ್ಕಿಸುವ ಭಾಗ) ನಡುವೆ ಉದ್ದವಾಗಿ ಉಳಿದ ತಂತಿಯನ್ನು ತಯಾರಕರು ದೋಷವೆಂದೇ ಭಾವಿಸಿರಬಹುದು. ಸಾನಿಕ್ ಯೂತಿನವರು ಅಲ್ಲಿಯೇ ಕೋಲು ಆಡಿಸಿ ಗಂಟೆಯಂಥ ಸ್ವರಗಳನ್ನು ತೆಗೆದರು. ತಂತಿಗಳ ಕೆಳಗೆ ಸ್ಕ್ರೂಡ್ರೈವರ್ ಸಿಕ್ಕಿಸಿದರು, ಒಂದೊಂದು ಹಾಡಿಗೂ ಒಂದೊಂದು ಶ್ರುತಿ ಕಟ್ಟಿ, ಆ ಶ್ರುತಿಗೆ ಒಂದು ಗಿಟಾರನ್ನೇ ಮೀಸಲಿಟ್ಟರು. 1999ರ ಜುಲೈನಲ್ಲಿ ಕ್ಯಾಲಿಫೋರ್ನಿಯದ ಆರೆಂಜ್ ಊರಿನಲ್ಲಿ ಅವರ ಸಲಕರಣೆ ತುಂಬಿದ್ದ ಟ್ರಕ್ ಕಳುವಾದಾಗ ಆದ ನಷ್ಟ ಹಣದ ಲೆಕ್ಕಕ್ಕೆ ಸಿಗುವಂಥದ್ದಾಗಿರಲಿಲ್ಲ. ಹೊಸ ಗಿಟಾರ್ ಕೊಳ್ಳಬಹುದು. ಆದರೆ ವರ್ಷಗಟ್ಟಲೆ ತಿದ್ದಿ, ಕೊರೆದು, ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಬದಲಿಸಿ ಒಂದು ಹಾಡಿಗಾಗಿಯೇ ಹದಗೊಳಿಸಿದ ಗಿಟಾರ್ ಹೋದರೆ ಆ ಹಾಡನ್ನೇ ವೇದಿಕೆಯಿಂದ ಕೈಬಿಡಬೇಕಾಗುತ್ತದೆ.

ಡೈನೋಸಾರ್ ಜೂನಿಯರಿನ ಜೆ ಮ್ಯಾಸ್ಕಿಸ್ ಜೋರು ಸದ್ದಿಗೆ ಹೆಸರಾದವರು. ಮೊದಲು ಅವರು ಪಂಕಿನಲ್ಲೇ ಅತಿ ವೇಗದ, ಬಿರುಸಾದ ಒಂದು ಹಾರ್ಡ್‌ಕೋರ್ ಬ್ಯಾಂಡಿನಲ್ಲಿ ಡ್ರಮ್ಸ್ ನುಡಿಸುತ್ತಿದ್ದರು. ಗಿಟಾರಿಗೆ ಬಂದಮೇಲೆ ಡ್ರಮ್ಸ್ ಬಾರಿಸುವಾಗ ಮೈಗೆ ತಾಗುವ ಪೆಟ್ಟು ಇಲ್ಲದಂತಾಯಿತು, ಅದನ್ನು ಮರಳಿ ಪಡೆಯಲು ಬಿಗ್ ಮಫ್ ಪೆಡಲನ್ನೂ ಬೆನ್ನ ಹಿಂದೆ ಮಾರ್ಷಲ್ ಆಂಪುಗಳ ಸಾಲನ್ನೂ ಇಟ್ಟುಕೊಂಡೆ ಎಂಬರ್ಥದಲ್ಲಿ ಅವರು ಉತ್ತರಿಸಿದ್ದಾರೆ. ಪೆಡಲುಗಳ ಬಗ್ಗೆ ಇದಕ್ಕಿಂತ ಪ್ರಾಮಾಣಿಕ ಉತ್ತರ ಕಡಿಮೆ. ನಾನೇ ಬಳಸುವುದು 1978ರಿಂದ ಮಾರುಕಟ್ಟೆಯಲ್ಲಿರುವ ರ‍್ಯಾಟ್ ಎಂಬ ಪೆಡಲ್, ಸ್ವರವನ್ನು ಒಡೆದು ಒರಟಾಗಿಸುವ ಕಪ್ಪು ಡಬ್ಬಿ. ಮೂರೇ ಗುಂಡಿಗಳು, ನಡುವಿನ ಫಿಲ್ಟರ್ ಗುಂಡಿ ಮಾತ್ರ ಉಲ್ಟಾ, ಬಲಕ್ಕೆ ತಿರುಗಿಸಿದಷ್ಟೂ ಟ್ರೆಬಲ್ ಕಡಿಮೆಯಾಗುತ್ತದೆ. ಡಿಸ್ಟಾರ್ಷನ್ ಗುಂಡಿಯನ್ನು ಅರ್ಧಕ್ಕಿಂತ ಕೆಳಗಿಟ್ಟು, ಫಿಲ್ಟರನ್ನು ನಿಧಾನವಾಗಿ ಬಲಕ್ಕೆ ತರುತ್ತಾ ಹೋದರೆ ಒಂದು ಕಡೆ ಡ್ರಮ್ಸಿನ ತಾಳದ ತಟ್ಟೆಗಳ ಸದ್ದು ಗಿಟಾರಿನ ಹಿಂದಿನಿಂದ ಬಿಡಿಸಿಕೊಂಡು ಹೊರಬರುವುದು ಕೇಳಿಸುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಕೋಣೆಯಲ್ಲಿ ಒಬ್ಬನೇ ಕುಳಿತು ಈ ಜಾಗವನ್ನು ಹುಡುಕಲಾಗದು, ಉಳಿದವರು ನುಡಿಸುತ್ತಿರಲೇಬೇಕು.

ವಾಷಿಂಗ್ಟನ್ ಡಿ.ಸಿ.ಯ ಫ್ಯೂಗಾಜಿ ಬ್ಯಾಂಡಿನ ಇಬ್ಬರು ಗಿಟಾರ್ ವಾದಕರು ಪೆಡಲುಗಳ ಗೋಜಿಗೇ ಹೆಚ್ಚಾಗಿ ಹೋಗಲಿಲ್ಲ. ಇಯಾನ್ ಮೆಕೈ ಅವರದು ಗಿಬ್ಸನ್ ಎಸ್‌ಜಿ ಮತ್ತು ಮಾರ್ಷಲ್ ಆಂಪ್. ಗೀ ಪಿಚೊಟೊ ಅವರದು ರಿಕನ್‌ಬ್ಯಾಕರ್. ಮೊದಲನೆಯದು ಗಟ್ಟಿ ಮರದ್ದು, ಎರಡನೆಯದರ ಒಡಲು ಟೊಳ್ಳು. ಟೊಳ್ಳು ಒಡಲಿನ ಗಿಟಾರನ್ನು ಜೋರು ಆಂಪಿನ ಮುಂದೆ ತಂದರೆ ಅದು ಕೂಗಲು ಶುರುವಿಡುತ್ತದೆ. ಮೈಯನ್ನು ಸ್ವಲ್ಪ ಓರೆ ಮಾಡಿದರೆ ಕೂಗಿನ ಸ್ವರ ಬದಲಾಗುತ್ತದೆ, ಒಂದು ಹೆಜ್ಜೆ ದೂರ ಸರಿದರೆ ಅಡಗುತ್ತದೆ. ವೇದಿಕೆಯ ಮೇಲೆ ಪಿಚೊಟೊ ಅಷ್ಟು ಓಡಾಡುತ್ತಿದ್ದುದನ್ನು ಆವೇಶವೆಂದಷ್ಟೇ ನೋಡಿದವರಿಗೆ ಆ ಹೆಜ್ಜೆಗಳಲ್ಲಿ ಸ್ವರಜ್ಞಾನವೂ ಇತ್ತೆಂಬುದು ತಪ್ಪಿಹೋಗುತ್ತದೆ. ಬ್ಯಾಂಡ್ ಕಟ್ಟುವಾಗ ಮೆಕೈ ಅವರ ಮನಸ್ಸಿನಲ್ಲಿದ್ದದ್ದು ಸ್ಟೂಜಸ್ ಬ್ಯಾಂಡಿಗೆ ಜಮೈಕದ ರೆಗೇ ಸಂಗೀತ ಸೇರಿದರೆ ಹೇಗಿರುತ್ತದೆ ಎಂಬ ಕಲ್ಪನೆ. ಜೋ ಲ್ಯಾಲಿ ಅವರ ಬೇಸ್ ಒಂದೇ ಸಾಲನ್ನು ಹಿಡಿದು ಕದಲದೆ ನಿಲ್ಲುವುದು, ಗಿಟಾರುಗಳು ಅದರ ಮೇಲೆ ಬಂದು ಹೋಗುವುದು ಆ ಕಲ್ಪನೆಯ ಫಲ.

ಆದರೆ ಫ್ಯೂಗಾಜಿಯ ವೇದಿಕೆಯನ್ನು ಅರ್ಥಮಾಡಿಕೊಳ್ಳಲು ಬಾಗಿಲ ಬಳಿಯ ಟಿಕೆಟ್ಟಿನಿಂದ ಶುರುಮಾಡುವುದು ಒಳ್ಳೆಯದು. ಅಮೆರಿಕದಲ್ಲಿ ಅವರ ಪ್ರವೇಶದರ ಬಹುಕಾಲ 5 ಡಾಲರ್ ಇತ್ತು, ಎಲ್ಲ ವಯಸ್ಸಿನವರಿಗೂ ಪ್ರವೇಶವಿರಬೇಕೆಂಬ ಷರತ್ತೂ ಇತ್ತು. ದರ ಅಷ್ಟಕ್ಕೆ ಕಟ್ಟಿಹಾಕಿದ ಮೇಲೆ ಸಹಾಯಕರ ಪಡೆ, ದೊಡ್ಡ ಟ್ರಕ್, ವಾದ್ಯಕ್ಕೊಬ್ಬ ತಂತ್ರಜ್ಞ ಎಂಬುದೆಲ್ಲ ತಾನಾಗಿಯೇ ಹೊರಗುಳಿಯುತ್ತದೆ. ಒಂದು ಗಿಟಾರ್, ಒಂದು ಆಂಪ್ ಎಂಬ ಸರಳತೆ ಅಲ್ಲಿಂದಲೂ ಬಂದದ್ದು. ಮುಂಚಿತವಾಗಿ ಹಾಡುಗಳ ಪಟ್ಟಿ ಬರೆದುಕೊಳ್ಳದೆ ವೇದಿಕೆ ಏರುವುದು ಅವರ ರೂಢಿ. ಒಬ್ಬರು ಒಂದು ಸಾಲು ಎತ್ತಿಕೊಂಡರೆ ಉಳಿದ ಮೂವರು ಗುರುತಿಸಿ ಸೇರಿಕೊಳ್ಳುತ್ತಿದ್ದರು. ಹಾಡಿಗೊಂದು ಗಿಟಾರ್ ಬದಲಿಸುವ, ಪೆಡಲುಗಳ ಸಾಲು ಜೋಡಿಸುವ ವಾದಕರಿಗೆ ಇದು ಆಗುವ ಮಾತಲ್ಲ. ಸಭೆಯಲ್ಲಿ ಯಾರಾದರೂ ಪಕ್ಕದವರಿಗೆ ಪೆಟ್ಟಾಗುವಂತೆ ಕುಣಿದರೆ ಹಾಡನ್ನು ಅರ್ಧಕ್ಕೆ ನಿಲ್ಲಿಸಿ, ಮಾತಿಗೆ ಬಗ್ಗದವರಿಗೆ 5 ಡಾಲರನ್ನು ಲಕೋಟೆಯಲ್ಲಿಟ್ಟು ಹಿಂದಿರುಗಿಸಿ ಹೊರಗೆ ಕಳಿಸುತ್ತಿದ್ದರು. 1987ರಿಂದ ಮೊದಲುಗೊಂಡು ಸಾವಿರಕ್ಕೂ ಹೆಚ್ಚು ಕಾರ್ಯಕ್ರಮಗಳಾದವು, ಅವುಗಳಲ್ಲಿ ಬಹುಪಾಲನ್ನು ಅವರ ಸೌಂಡ್ ಎಂಜಿನಿಯರುಗಳು ಮುದ್ರಿಸಿಟ್ಟುಕೊಂಡರು, 2011ರಿಂದ ಅವನ್ನು ಸಾರ್ವಜನಿಕರಿಗೆ ತೆರೆದಿಟ್ಟರು. ಒಂದೇ ಹಾಡಿನ ಹಲವು ವರ್ಷಗಳ ಮುದ್ರಣಗಳನ್ನು ಸಾಲಾಗಿ ಕೇಳುವುದು ನನಗೆ ತುಂಬ ಇಷ್ಟವಾದ ಕೆಲಸ. ಯಾವ ಸಭಾಂಗಣದಲ್ಲಿ ಪ್ರತಿಧ್ವನಿ ಹೆಚ್ಚಿತ್ತೋ ಅಲ್ಲಿ ಡ್ರಮ್ಸ್ ವಾದಕ ಬ್ರೆಂಡನ್ ಕ್ಯಾಂಟಿ ಹೊಡೆತಗಳನ್ನು ವಿರಳಗೊಳಿಸುತ್ತಾರೆ, ಇಕ್ಕಟ್ಟಾದ ಕಡೆ ಒತ್ತೊತ್ತಾಗಿ ಬಾರಿಸುತ್ತಾರೆ.

ಪ್ರಭಾವದ ಪ್ರಶ್ನೆಗೆ ಬರುವ ಉತ್ತರಗಳು ಹಲವು ಸಲ ಅಭಿಮಾನಿಗಳ ನಿರೀಕ್ಷೆಯನ್ನು ತಲೆಕೆಳಗು ಮಾಡುತ್ತವೆ. ಹಾರ್ಡ್‌ಕೋರ್ ವೇಗಕ್ಕೆ ಮಾದರಿ ಹಾಕಿಕೊಟ್ಟ ಬ್ಯಾಡ್ ಬ್ರೇನ್ಸ್ ಬ್ಯಾಂಡಿನವರು ಮೊದಲು ಜಾಜ್ ಫ್ಯೂಷನ್ (ಜಾಜ್, ರಾಕ್ ಬೆರೆತ ಸಂಗೀತ) ನುಡಿಸುತ್ತಿದ್ದರು, ಮಹಾವಿಷ್ಣು ಆರ್ಕೆಸ್ಟ್ರಾ ಅವರಿಗೆ ಅಚ್ಚುಮೆಚ್ಚು. ಬ್ಲ್ಯಾಕ್ ಫ್ಲ್ಯಾಗ್ ಕಟ್ಟಿದ ಗ್ರೆಗ್ ಗಿನ್ ಗ್ರೇಟ್‌ಫುಲ್ ಡೆಡ್ ಎಂಬ ಹಿಪ್ಪಿ ಕಾಲದ ಬ್ಯಾಂಡಿನ ಕಟ್ಟಾ ಅಭಿಮಾನಿ. ಅವರ ಎಸ್‌ಎಸ್‌ಟಿ ರೆಕಾರ್ಡ್ಸ್ ಹುಟ್ಟಿದ್ದು ಹವ್ಯಾಸಿ ರೇಡಿಯೊದವರಿಗೆ ಬಿಡಿಭಾಗ ಮಾರುತ್ತಿದ್ದ ಅವರದೇ ಸಣ್ಣ ಉದ್ಯಮದಿಂದ. ಬೆಸುಗೆ ಕಡ್ಡಿ ಹಿಡಿಯಲು ಬರುವವನಿಗೆ ರೆಕಾರ್ಡ್ ಕಂಪನಿಯೂ ತಾನೇ ಮಾಡಬಹುದಾದ ಕೆಲಸವೆಂದು ತೋರಿತು. ಅಮೆರಿಕದ ಒಲಿಂಪಿಯ ಊರಿನಿಂದ ಬಂದ ಸ್ಲೀಟರ್-ಕಿನ್ನಿ ಬೇಸ್ ಇಲ್ಲದೆ ಎರಡು ಗಿಟಾರುಗಳನ್ನೇ ಇಟ್ಟುಕೊಂಡು, ಅವುಗಳ ಶ್ರುತಿಯನ್ನು ಸಾಮಾನ್ಯಕ್ಕಿಂತ ಒಂದೂವರೆ ಸ್ವರದಷ್ಟು ಇಳಿಸಿಕೊಂಡಿತು. ಅದೇ ಊರಿನ ಬಿಕಿನಿ ಕಿಲ್ ತನ್ನ ಕಾರ್ಯಕ್ರಮಗಳಲ್ಲಿ ಹುಡುಗಿಯರನ್ನು ಮುಂದಿನ ಸಾಲಿಗೆ ಕರೆಯಿತು. ವೇದಿಕೆಯ ಮುಂದೆ ಯಾರು ನಿಲ್ಲುತ್ತಾರೆ ಎಂಬುದರಿಂದ ವೇದಿಕೆಯ ಮೇಲಿನವರ ಹಾಡುಗಾರಿಕೆಯೇ ಬದಲಾಗುತ್ತದೆ ಎಂಬುದನ್ನು, ಒಂದು ಸಲವಾದರೂ ಸಣ್ಣ ಸಭೆಯ ಮುಂದೆ ಹಾಡಿದವರು ತಕ್ಷಣ ಒಪ್ಪುತ್ತಾರೆ.

ಸಂದರ್ಶನಗಳಲ್ಲಿ ಅಪರೂಪಕ್ಕೆ ಮಾತ್ರ ಕೇಳುವ, ಆದರೆ ಎಲ್ಲರಿಗೂ ಕೇಳಲೇಬೇಕೆಂದು ನಾನು ಬಯಸುವ ಇನ್ನೊಂದು ಪ್ರಶ್ನೆ ಕಿವಿಗಳ ಬಗೆಗಿನದು. ಬಾಸ್ಟನ್ನಿನ ಮಿಷನ್ ಆಫ್ ಬರ್ಮಾ ಬ್ಯಾಂಡ್ 1983ರಲ್ಲಿ ನಿಂತುಹೋದದ್ದು ಜಗಳದಿಂದಲ್ಲ. ಗಿಟಾರ್ ವಾದಕ ರೋಜರ್ ಮಿಲ್ಲರ್ ಅವರ ಕಿವಿಯಲ್ಲಿ ಬಿಡದ ಮೊರೆತ ಶುರುವಾಗಿ ಅದು ಹೆಚ್ಚುತ್ತ ಹೋದದ್ದರಿಂದ. 2002ರಲ್ಲಿ ಬ್ಯಾಂಡ್ ಮತ್ತೆ ಕೂಡಿದಾಗ ಅವರು ಬಂದೂಕು ಅಭ್ಯಾಸದವರು ತೊಡುವಂಥ ದಪ್ಪ ಕಿವಿಗವುಸು ಹಾಕಿಕೊಂಡು ನುಡಿಸಿದರು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದೆಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಮಿತಿ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ, ಹಾಗೆ 100 ಡೆಸಿಬೆಲ್ ತಲುಪುವಾಗ ಉಳಿಯುವುದು 15 ನಿಮಿಷ. ಇಕ್ಕಟ್ಟಾದ ಕೋಣೆಯಲ್ಲಿ ಡ್ರಮ್ಸಿನ ತಟ್ಟೆಗಳ ಪಕ್ಕ ನಿಂತ ಗಿಟಾರ್ ವಾದಕ ಆ ಮಟ್ಟವನ್ನು ಸಲೀಸಾಗಿ ಮುಟ್ಟುತ್ತಾನೆ, ಇಡೀ ಸಂಜೆ ಅಲ್ಲೇ ಇರುತ್ತಾನೆ.

ಆದ್ದರಿಂದ ಕಿವಿಯ ಪ್ಲಗ್ಗನ್ನೂ ನಾನು ಸಲಕರಣೆಗಳ ಪಟ್ಟಿಯಲ್ಲೇ ಸೇರಿಸುತ್ತೇನೆ. ಅದು ಸ್ವರದ ಮೇಲೆ ಮಾಡುವ ಪರಿಣಾಮವೂ ಪೆಡಲಿನಷ್ಟೇ ನೇರವಾದದ್ದು. ಅಗ್ಗದ ಸ್ಪಂಜಿನ ಪ್ಲಗ್ ತಾರ ಭಾಗವನ್ನು ಹೆಚ್ಚಾಗಿಯೂ ಮಂದ್ರವನ್ನು ಕಡಿಮೆಯಾಗಿಯೂ ತಡೆಯುತ್ತದೆ. ಅದನ್ನು ತೊಟ್ಟ ವಾದಕನಿಗೆ ತನ್ನ ಗಿಟಾರ್ ಮಂಕಾಗಿ ಕೇಳುವುದರಿಂದ ಅವನು ಟ್ರೆಬಲ್ ಏರಿಸುತ್ತಾನೆ. ಪ್ಲಗ್ ಇಲ್ಲದೆ ಎದುರು ನಿಂತವರಿಗೆ ಆ ಸ್ವರ ಸೂಜಿಯಂತೆ ಚುಚ್ಚುತ್ತದೆ. ಸಂಗೀತಗಾರರಿಗೆಂದೇ ಮಾಡಿದ, ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವ ಪ್ಲಗ್ಗುಗಳಿವೆ. ಅವು ಸಿಗದಿದ್ದರೆ ಸೌಂಡ್‌ಚೆಕ್ (ಕಾರ್ಯಕ್ರಮಕ್ಕೆ ಮುಂಚಿನ ಸದ್ದಿನ ಪರೀಕ್ಷೆ) ವೇಳೆ ಆಂಪಿನ ಗುಂಡಿಗಳನ್ನು ಬರಿಗಿವಿಯಲ್ಲಿ, ಕಡಿಮೆ ಸದ್ದಿನಲ್ಲಿ, ಸಭೆಯ ನಡುವೆ ನಿಂತ ಗೆಳೆಯರೊಬ್ಬರನ್ನು ಕೇಳಿ ಹೊಂದಿಸಿಕೊಂಡು, ಆಮೇಲೆ ಸ್ಪಂಜನ್ನು ಹಾಕಿಕೊಳ್ಳಬೇಕು; ಕಾರ್ಯಕ್ರಮ ಮುಗಿಯುವವರೆಗೂ ಆ ಗುಂಡಿಗಳ ಮೇಲೆ ಕೈಯಿಡಬಾರದು.